ಹೊಸ್ತಿಲು ಎತ್ತರದ ಕಾರು

ಹೋದ ವರ್ಷ ಅಪ್ಪ ಜರ್ಮನಿಗೆ ಬಂದು ನಮ್ಮ ಜೊತೆ ಒಂದು ತಿಂಗಳು ಇದ್ದರು. ಹುಬ್ಬಳ್ಳಿಯಲ್ಲಿ 30 ವರ್ಷ ಡೀಸೆಲ್ ಪಂಪ್ ರಿಪೇರಿ ಮಾಡಿದವರು. ಲಾರಿಯದೋ ಬಸ್ಸಿನದೋ ಇಂಜಿನ್ನಿಗೆ ಡೀಸೆಲ್ ಚಿಮ್ಮುವ ಪಂಪು ಬಿಚ್ಚಿ, ಎಲಿಮೆಂಟ್ ಬದಲಿಸಿ, ಟೆಸ್ಟ್ ಬೆಂಚಿಗೆ ಕೂರಿಸಿ ಹನಿ ಹನಿ ಅಳೆಯುತ್ತಿದ್ದರು. ಅವರಿಗೆ ಚರ್ಚು, ಕೋಟೆ ತೋರಿಸೋದಕ್ಕಿಂತ ಸ್ಟುಟ್‌ಗಾರ್ಟಿನ ಮರ್ಸಿಡಿಸ್ ಮ್ಯೂಸಿಯಂ ತೋರಿಸೋಣ ಅನ್ನಿಸಿತು.

ಅಲ್ಲಿ ಮೊದಲು ಲಿಫ್ಟಿನಲ್ಲಿ ಮೇಲಕ್ಕೆ ಹೋಗಬೇಕು. 1886ರ ಮೂರು ಗಾಲಿಯ ಗಾಡಿಯಿಂದ ಶುರು. ಆಮೇಲೆ ಸುತ್ತುತ್ತ ಇಳಿಯುವುದು. 300 ಎಸ್‌ಎಲ್ ಮುಂದೆ ಅಪ್ಪ ನಿಂತುಬಿಟ್ಟರು. ಬಾಗಿಲು ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ಏಳುವ ಕಾರು. ಬಂದವರೆಲ್ಲ ಬಾಗಿಲನ್ನೇ ನೋಡುತ್ತಾರೆ. ಅಪ್ಪ ಬಗ್ಗಿ ಬಾಗಿಲಿನ ಕೆಳಗೆ ನೋಡಿದರು.

“ಹೊಸ್ತಿಲು ಇಷ್ಟ ಎತ್ತರ ಯಾಕ ಇಟ್ಟಾರ?”

ಕಾರಿನ ಕಥೆಯೆಲ್ಲ ಇರುವುದು ಅಲ್ಲೇ. 1952ರಲ್ಲಿ ಇದು ರೇಸಿಗಾಗಿ ಹುಟ್ಟಿದ ಗಾಡಿ. ಇಂಜಿನ್ ಮಾತ್ರ ದೊಡ್ಡ ಐಷಾರಾಮಿ ಸೆಡಾನಿನದು, 3 ಲೀಟರಿನದು, ಭಾರ ಜಾಸ್ತಿ. ಹಾಗಾಗಿ ಮರ್ಸಿಡಿಸ್ ಇಂಜಿನಿಯರ್ ರುಡಾಲ್ಫ್ ಊಲೆನ್‌ಹೌಟ್ ಚಾಸಿಯಲ್ಲಿ ತೂಕ ಇಳಿಸಿದರು. ತೆಳ್ಳನೆಯ ಉಕ್ಕಿನ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ವೆಲ್ಡ್ ಮಾಡಿದ ಚೌಕಟ್ಟು. ರೇಸ್ ಕಾರಿನಲ್ಲಿ ಅದರ ತೂಕ ಸುಮಾರು 50 ಕಿಲೋ, ಒಂದು ದೊಡ್ಡ ಅಕ್ಕಿ ಮೂಟೆಯಷ್ಟೇ! ಆದರೆ ಅದು ಬಾಗದೆ ನಿಲ್ಲಬೇಕಾದರೆ ಪಕ್ಕದ ಪೈಪುಗಳು ಎತ್ತರಕ್ಕೆ ಬರಬೇಕು. ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಕೀಲನ್ನು ಚಾವಣಿಗೆ ಹಾಕಿದರು. ಶೋಕಿಗೆ ಮಾಡಿದ್ದಲ್ಲ. ಡ್ರೈವರ್ ಒಳಗೆ ಇಳಿಯಲಿ ಅಂತ ಸ್ಟೀರಿಂಗ್ ಕೂಡ ಬಗ್ಗುವ ಹಾಗೆ ಮಾಡಿದ್ದರು.

ಅಮೆರಿಕದ ವ್ಯಾಪಾರಿ ಮ್ಯಾಕ್ಸ್ ಹಾಫ್‌ಮನ್ ಪಟ್ಟು ಹಿಡಿದಿದ್ದರಿಂದ ಇದು ರಸ್ತೆಗೆ ಬಂತು. 1954ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೋರಿಸಿದರು. ರೆಕ್ಕೆ ಬಾಗಿಲಿನವು ಒಟ್ಟು 1,400 ಮಾತ್ರ.

ಫೋನಿನಲ್ಲಿ ಇಂಜಿನ್ನಿನ ಫೋಟೋ ತೋರಿಸಿದೆ. ಬಾನೆಟ್ ತಗ್ಗಾಗಲಿ ಅಂತ ಇಂಜಿನ್ನನ್ನೇ ಓರೆಯಾಗಿ ಮಲಗಿಸಿದ್ದಾರೆ. ಅಪ್ಪ ಕನ್ನಡಕ ಏರಿಸಿಕೊಂಡು ಫೋಟೋ ದೊಡ್ಡದು ಮಾಡಿದರು.

“ಡೀಸೆಲ್ ಗಾಡಿ ಏನು?”

“ಅಲ್ಲಪ್ಪಾ, ಪೆಟ್ರೋಲು.”

“ಮತ್ತ ಇದು ನಮ್ಮ ಮೈಕೋ ಪಂಪ್ ಇದ್ದಂಗ ಐತಲ್ಲೋ ತಮ್ಮಾ!”

ನನ್ನ ಮೈ ಜುಮ್ಮೆಂದಿತು. ಅದು ಜರ್ಮನಿಯ ಬಾಷ್ ಕಂಪನಿಯ ಪಂಪು. ಅಪ್ಪ ಬಿಚ್ಚಿ ಜೋಡಿಸಿದ ಬೆಂಗಳೂರಿನ ಮೈಕೋ ಪಂಪುಗಳೂ ಅದೇ ಮನೆತನದವು. ಬೇರೆ ಕಾರುಗಳು ಕಾರ್ಬ್ಯುರೇಟರಿನಲ್ಲಿ ಗಾಳಿಗೆ ಪೆಟ್ರೋಲು ಬೆರೆಸಿ ಎಳೆದುಕೊಳ್ಳುತ್ತಿದ್ದ ಕಾಲದಲ್ಲಿ ಈ ಕಾರಿನ ಪಂಪಿನ ಆರು ಪ್ಲಂಜರುಗಳು, ಅಂದರೆ ಒತ್ತುಕಡ್ಡಿಗಳು, ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮುತ್ತಿದ್ದವು. ಶಕ್ತಿ 215 ಕುದುರೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಸ್ವಿಚ್ ಆಫ್ ಮಾಡಿದ್ರೂ ಇಂಜಿನ್ ನಿಲ್ಲೋತನಕ ಪಂಪು ತಿರುಗ್ತದ. ಕಿಡಿ ಇಲ್ಲ, ಆ ಪೆಟ್ರೋಲು ಉರಿಯಂಗಿಲ್ಲ. ಸಿಲಿಂಡರಿನ ಬೋರ್ ತೊಳಕೊಂಡು ಆಯಿಲಿಗೆ ಇಳೀತದ. ಆಯಿಲ್ ತೆಳ್ಳಗಾಗಲಿಲ್ಲೇನು?”

ಆಗುತ್ತಿತ್ತು. ಈ ಕಾರಿಗೆ ಬೇಗ ಬೇಗ ಆಯಿಲ್ ಬದಲಿಸಬೇಕಿತ್ತು ಅಂತ ನಾನು ಎಲ್ಲೋ ಓದಿದ್ದೆ. ಅಪ್ಪ ಒಂದು ಫೋಟೋ ನೋಡಿ ಹೇಳಿದ್ದರು.

ಕೆಳಗೆ ಇನ್ನೂ ಎಷ್ಟೋ ಕಾರುಗಳಿದ್ದವು. ನಾವು ಅಲ್ಲೇ ಬೆಂಚಿನ ಮೇಲೆ ಕೂತೆವು. ಪ್ಲಂಜರ್ ಸವೆದಾಗ ಪಂಪಿನ ಸದ್ದು ಹೇಗೆ ಬದಲಾಗುತ್ತದೆ ಅಂತ ಅಪ್ಪ ನನಗೆ ಬಾಯಲ್ಲಿ ಸದ್ದು ಮಾಡಿ ತೋರಿಸತೊಡಗಿದರು.