ಕರಾರಿನಲ್ಲಿ ‘ಜಂಟಿಯಾಗಿ’ ಅಂತ ಬರೆದವಳು ನಾನೇ

ಮಧುಗಿರಿ ಕಡೆಯ ಭರಣಿ ಮಳೆ ಗೊತ್ತಲ್ಲ, ಹತ್ತು ನಿಮಿಷ ಹನಿ, ಒಂದು ಗಂಟೆ ಸಿಡಿಲು. ಅಂಥದ್ದೊಂದು ಸಂಜೆಯ ಮಾರನೇ ದಿನ ಪಂಚಾಯಿತಿ ಬಾಗಿಲು ತೆಗೆದರೆ ಒಳಗೆಲ್ಲ ಸುಟ್ಟ ರಬ್ಬರಿನ ವಾಸನೆ. ಪ್ಯಾನೆಲ್ಲಿನ ಕರೆಂಟನ್ನು ಬಳಕೆಗೆ ತಕ್ಕಂತೆ ಬದಲಿಸುವ, ಗೋಡೆಯ ಮೇಲಿನ ಸೋಲಾರ್ ಇನ್ವರ್ಟರ್‌ನ ಪರದೆ ಕಪ್ಪಗಿತ್ತು. ಪಕ್ಕದ ಶುದ್ಧ ನೀರಿನ ಘಟಕದ ಮುಂದೆ ಆಗಲೇ ಏಳೆಂಟು ಕ್ಯಾನುಗಳು ಸಾಲಾಗಿ ಕೂತಿದ್ದವು. ಬೆಸ್ಕಾಂ ಕರೆಂಟ್ ಇದ್ದಿದ್ದರಿಂದ ನೀರೇನೋ ಬಂತು. ಆದರೆ ಹದಿನಾಲ್ಕು ತಿಂಗಳು ಊರವರೆಲ್ಲ ಬಂದು ನೋಡಿಕೊಂಡು ಹೋಗುತ್ತಿದ್ದ ನಮ್ಮ 5 ಕಿಲೋವ್ಯಾಟ್ ಸೋಲಾರ್ ಅಲ್ಲಿಗೆ ನಿಂತಿತು.

ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಆ ಸೋಲಾರ್ ಪಂಚಾಯಿತಿಯದ್ದಲ್ಲ, ಊರಿನ ಒಂದು ಸಂಘದ್ದು. ಸ್ತ್ರೀಶಕ್ತಿ ಸಂಘಗಳ ಹೆಂಗಸರು, ಐಟಿಐ ಮುಗಿಸಿದ ನಾಲ್ಕು ಹುಡುಗರು, ನಿವೃತ್ತ ಮೇಷ್ಟ್ರೊಬ್ಬರು ಸೇರಿ, ಮನೆಗೆ ಸಾವಿರದಂತೆ ಎತ್ತಿ, ಬೆಂಗಳೂರಿನಲ್ಲಿ ನೆಲೆಸಿದ ಊರಿನ ಮಗನೊಬ್ಬ ಕೊಟ್ಟ ದೇಣಿಗೆ ಸೇರಿಸಿ ಹಾಕಿದ್ದು. ಚಾವಣಿ ನಮ್ಮದು, ಆರ್‌ಆರ್ ನಂಬರ್ ನಮ್ಮದು, ಬಿಲ್ಲೂ ನಮ್ಮದು. ಪ್ಯಾನೆಲ್, ಇನ್ವರ್ಟರ್ ಅವರದು. ಸಾಮಾನ್ಯ ಸಭೆಯಲ್ಲಿ ನಿರ್ಣಯ ಆಯಿತು, ಛಾಪಾ ಕಾಗದದ ಮೇಲೆ ಕರಾರು ಆಯಿತು, ಫೋಟೋ ತೆಗೆಸಿಕೊಂಡೆವು. ಕರಾರಿನ ಕರಡು ನನ್ನ ಕೈಯದ್ದೇ. ಅದರ ಆರನೇ ಅಂಶ ಹೀಗಿತ್ತು: ‘ಸೋಲಾರ್ ಘಟಕದ ನಿರ್ವಹಣೆ ಮತ್ತು ಉಸ್ತುವಾರಿಯನ್ನು ಪಂಚಾಯಿತಿ ಹಾಗೂ ಸಂಘ ಜಂಟಿಯಾಗಿ ನೋಡಿಕೊಳ್ಳತಕ್ಕದ್ದು.’

ಬರೆದಾಗ ಎಷ್ಟು ಚೆಂದ ಅನ್ನಿಸಿತ್ತು! ಸರ್ಕಾರಿ ಭಾಷೆಯಲ್ಲಿ ‘ಜಂಟಿ’ ಅನ್ನುವ ಪದಕ್ಕೆ ಒಂದು ಗತ್ತಿದೆ. ಜಂಟಿ ಸರ್ವೆ, ಜಂಟಿ ಖಾತೆ, ಜಂಟಿ ಪರಿಶೀಲನೆ. ಜಂಟಿ ಪರಿಶೀಲನೆ ಅಂದ ದಿನ ಒಬ್ಬ ಅಧಿಕಾರಿಯೂ ಬರದೇ ಇದ್ದದ್ದನ್ನು ಎಷ್ಟು ಸಲ ನೋಡಿದ್ದೇನೋ. ಆದರೂ ಅದನ್ನೇ ಬರೆದೆ.

ಇನ್ವರ್ಟರ್ ಯಾಕೆ ಸುಟ್ಟಿತು ಅಂತ ನೋಡಲು ಐಟಿಐ ಹುಡುಗ ಎಲ್ಲಿಂದಲೋ ಅರ್ತ್ ಟೆಸ್ಟರ್ ತಂದ. ಕಟ್ಟಡದ ಹಿಂದೆ ಮೂರು ಅರ್ತಿಂಗ್ ಗುಂಡಿ ತೆಗೆಸಿದ್ದೆವು. ಸಿಡಿಲು ಹಿಡಿಯುವ ಕಂಬಿಗೆ ಒಂದು, ಪ್ಯಾನೆಲ್ ಕಡೆಗೆ ಒಂದು, ಮೀಟರ್ ಕಡೆಗೆ ಇನ್ನೊಂದು. ಪೈಪಿನ ಸುತ್ತ ಇದ್ದಿಲು, ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಮೊದಲ ಎರಡು ಗುಂಡಿಗಳ ಮೇಲೆ ನಮ್ಮ ಹಳೇ ಬೀದಿದೀಪದ ಸೆಟ್ಟುಗಳು, ಹರಿದ ಸಿಮೆಂಟ್ ಚೀಲ, ಮುರಿದ ಕುರ್ಚಿ ಪೇರಿಸಿದ್ದವು. ಎಲ್ಲ ಸರಿಸಿ ಮುಚ್ಚಳ ತೆಗೆದರೆ ಒಳಗೆ ಮಣ್ಣು ಬಿರುಕು ಬಿಟ್ಟು, ಪೈಪಿಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು. ಹುಡುಗ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಉಜ್ಜಿದ. ಹುರಿದ ರಾಗಿಹಿಟ್ಟಿನ ಹಾಗೆ ಉದುರಿತು.

“ಮೇಡಂ, 5 ಓಮ್ ಒಳಗಿರ್ಬೇಕು. ಇಲ್ಲಿ ನೋಡಿ, 38 ತೋರುಸ್ತೈತೆ.”

ಓಮ್ ಅಂದರೆ ಕರೆಂಟಿಗೆ ಎದುರಾಗುವ ತಡೆಯ ಅಳತೆ. ಸಿಡಿಲಿನ ಹೊಡೆತ ತಂತಿಯಲ್ಲಿ ನುಗ್ಗಿದಾಗ ಅದನ್ನು ನೆಲಕ್ಕೆ ಇಳಿಸಲೆಂದೇ ಇನ್ವರ್ಟರ್ ಮುಂದೆ ಒಂದು ಡಬ್ಬಿ ಇರುತ್ತದೆ. ಆದರೆ ನೆಲವೇ ಕರೆಂಟನ್ನು ಒಳಗೆ ಬಿಟ್ಟುಕೊಳ್ಳದಿದ್ದರೆ ಆ ಡಬ್ಬಿ ಏನು ಮಾಡೀತು? ಅರ್ತಿಂಗ್ ಗುಂಡಿಗೆ ತೇವ ಬೇಕು. ಸಾವಿರ ಅಡಿ ಕೊರೆದರೂ ನೀರು ಸಿಗದ ನಮ್ಮ ಸೀಮೆಯಲ್ಲಿ ಬೇಸಿಗೆಗೆ ಮೇಲ್ಮಣ್ಣು ಪೂರ್ತಿ ಒಣಗುತ್ತದೆ. ವಾರಕ್ಕೆ ಗುಂಡಿಗೆ ಎರಡು ಬಿಂದಿಗೆ ನೀರು ಸುರಿದಿದ್ದರೆ ಸಾಕಿತ್ತು. ಪಕ್ಕದಲ್ಲೇ ಶುದ್ಧ ನೀರಿನ ಘಟಕ, ಅದು ಹೊರಗೆ ಬಿಡುವ ಉಪ್ಪುನೀರು ದಿನವೂ ಚರಂಡಿಗೆ ಹೋಗುತ್ತಿತ್ತು.

ನಾನು ಕೇಳಿದೆ, ಯಾರು ಹಾಕಬೇಕಿತ್ತು ನೀರು ಅಂತ.

ನೀರುಗಂಟಿ ನನ್ನನ್ನೇ ನೋಡಿದ. “ಅದು ಸಂಘದೋರ್ದಲ್ವಾ ಮೇಡಂ? ನಾನ್ಯಾಕೆ ಮುಟ್ಲಿ, ನಾಳೆ ಏನಾದ್ರೂ ಆದ್ರೆ ನನ್ ತಲೆಗೆ ಬರ್ತದೆ.”

ಸಂಘದ ಅಧ್ಯಕ್ಷೆ ಅಕ್ಕ ಸೆರಗು ಸರಿಮಾಡಿಕೊಂಡು, “ಗುಂಡಿ ಇರೋದು ನಿಮ್ ಕಾಂಪೌಂಡ್ ಒಳಗೆ. ಗೇಟಿಗೆ ಬೀಗ ನೀವೇ ಹಾಕ್ತೀರ. ನಾವ್ ಅಂದ್ಕೊಂಡ್ವಿ ಪಂಚಾಯ್ತಿಯೋರು ಹಾಕ್ತಾರೆ ಅಂತ” ಅಂದರು.

ಇಬ್ಬರ ಮಾತಲ್ಲೂ ತಪ್ಪು ಹುಡುಕಲು ಆಗಲಿಲ್ಲ. ಆರನೇ ಅಂಶ ಅವರಿಬ್ಬರನ್ನೂ ಕಾಪಾಡುವ ಹಾಗೇ ಬರೆದಿದ್ದೆ. ಇನ್ವರ್ಟರ್ ಮಾರಿದ ಕಂಪನಿಯವರು ಬಂದು ಗುಂಡಿಯ ಫೋಟೋ ಹಿಡಿದುಕೊಂಡು ಹೋದರು, ಅರ್ತಿಂಗ್ ಸರಿಯಿಲ್ಲದ ಕಡೆ ವಾರಂಟಿ ಇಲ್ಲ ಅಂದರು. ಹೊಸದಕ್ಕೆ 50 ಸಾವಿರದ ಆಸುಪಾಸು. ಸಂಘದ ಖಾತೆಯಲ್ಲಿ ಒಂಬತ್ತು ಸಾವಿರ ಇತ್ತು.

ಆ ಖಾತೆಯಲ್ಲಿ ಯಾಕೆ ಒಂಬತ್ತೇ ಸಾವಿರ ಇತ್ತು ಅನ್ನುವುದು ನನ್ನ ಎರಡನೇ ತಪ್ಪಿನ ಕಥೆ.

ಬಿಲ್ಲಿನಲ್ಲಿ ಉಳಿದ ದುಡ್ಡಿನ ಅರ್ಧ ಸಂಘಕ್ಕೆ ಅಂತ ಕರಾರಿನಲ್ಲಿ ಬರೆದಿದ್ದೆವು. ಕೇಳಲು ನ್ಯಾಯವಾಗಿಯೇ ಇದೆ. ಹೋದ ವರ್ಷದ ಇದೇ ತಿಂಗಳ ಬಿಲ್ಲಿನಿಂದ ಈ ವರ್ಷದ್ದು ಕಳೆದು, ಉಳಿದದ್ದರಲ್ಲಿ ಅರ್ಧ. ಮೊದಲ ನಾಲ್ಕು ತಿಂಗಳು ಹಾಗೇ ಕೊಟ್ಟೆವು. ಆಮೇಲೆ ಕರೆಂಟ್ ದರ ಬದಲಾಯಿತು. ಬೇಸಿಗೆ ಬಂದು, ಅಕ್ಕಪಕ್ಕದ ಎರಡು ಹಳ್ಳಿಯವರೂ ನಮ್ಮ ಘಟಕಕ್ಕೇ ಕ್ಯಾನ್ ತರಲು ಶುರು ಮಾಡಿ ಮೋಟಾರು ಓಡುವ ಹೊತ್ತು ಹೆಚ್ಚಿತು. ಸೋಲಾರ್ ಚೆನ್ನಾಗೇ ಕೆಲಸ ಮಾಡುತ್ತಿದ್ದರೂ ಬಿಲ್ಲು ಹೋದ ವರ್ಷಕ್ಕಿಂತ ಜಾಸ್ತಿ ಬಂತು. ಲೆಕ್ಕದ ಪ್ರಕಾರ ಸಂಘವೇ ನಮಗೆ ದುಡ್ಡು ಕೊಡಬೇಕು! ಮೇಷ್ಟ್ರು ಸಿಟ್ಟಾಗಿ ಒಂದು ವಾರ ಪಂಚಾಯಿತಿ ಕಡೆ ಬರಲಿಲ್ಲ.

ಅದೇ ಹೊತ್ತಿಗೆ ಆಡಿಟ್ ಬಂತು. ಆ ನಾಲ್ಕು ತಿಂಗಳ ವೋಚರ್ ತಿರುವಿದ ಆಡಿಟರ್ ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಕೇಳಿದರು: “ಬಾರದೇ ಇರೋ ಬಿಲ್ಲಿಗೆ ದುಡ್ಡು ಕೊಟ್ಟಿದ್ದೀರಲ್ಲಮ್ಮಾ, ಯಾವ ಲೆಕ್ಕಶೀರ್ಷಿಕೆಯಲ್ಲಿ?” ನನ್ನ ಬಳಿ ಉತ್ತರ ಇರಲಿಲ್ಲ. ಉಳಿತಾಯ ಅನ್ನುವುದು ನಮ್ಮ ಪುಸ್ತಕದಲ್ಲಿ ಎಲ್ಲೂ ಬರುವ ಅಂಕಿಯಲ್ಲ. ಜಮೆ ಇದೆ, ಖರ್ಚಿದೆ. ಆಗದೇ ಉಳಿದ ಖರ್ಚಿಗೆ ಪಂಚಾಯಿತಿ ಲೆಕ್ಕ ಬರೆಯುವ ಪಂಚತಂತ್ರ ತಂತ್ರಾಂಶದಲ್ಲಿ ಕಾಲಂ ಇಲ್ಲ. ಆಕ್ಷೇಪಣೆ ಬಿತ್ತು, ಪಾವತಿ ನಿಂತಿತು.

ನಡುವೆ ಅಧ್ಯಕ್ಷರೂ ಬದಲಾದರು. ನಮ್ಮಲ್ಲಿ ಅಧ್ಯಕ್ಷಗಿರಿ 30 ತಿಂಗಳು. ಕರಾರಿಗೆ ಮುತುವರ್ಜಿ ವಹಿಸಿದ್ದವರು ಇಳಿದರು, ಹೊಸಬರು “ಅದು ಅವರ ಕಾಲದ್ದು ಬಿಡಿ” ಅಂದರು. ಅವರನ್ನೂ ದೂರುವುದಿಲ್ಲ. ಅವರ ಮುಂದೆ ನಾನು ಇಟ್ಟಿದ್ದು ಫೋಟೋಗಳಿದ್ದ ಒಂದು ಕಡತ, ಅಷ್ಟೇ.

ನಾನು ಮೊದಲು ಕೆಲಸ ಮಾಡಿದ್ದು ಕುಣಿಗಲ್ ಕಡೆ. ಅಲ್ಲಿ ಪುರ ಅಂತ ಒಂದು ಸಣ್ಣ ಊರಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಕಟ್ಟಿದ ‘ಅಸ್ತ್ರ’ ವಿಭಾಗದವರು ಆ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಮಾಡಿದ್ದರು. ಮೊದಲು ಅಂದುಕೊಂಡದ್ದು ಮನೆಮನೆಯ ಅಡುಗೆಗೆ ಗ್ಯಾಸ್ ಕೊಡುವುದು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಜನರಿಗೆ ಬೇಕಿದ್ದದ್ದು ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಡೀಸೆಲ್ ಎಂಜಿನ್ ಓಡಿಸಿ ಕೊಳವೆಬಾವಿಯ ನೀರು ಎತ್ತಿ, ಮನೆಗಳಿಗೆ ದೀಪ ಕೊಟ್ಟರು. ಇದನ್ನು ಮೊದಲ ಸಲ ಕೇಳಿದಾಗ ಚಿಕ್ಕವಳು, ಹೌದಾ ಅಂತ ತಲೆಯಾಡಿಸಿ ಮರೆತಿದ್ದೆ. ಇನ್ವರ್ಟರ್ ಸುಟ್ಟ ಮೇಲೆ ಹುಡುಕಿ ಓದಿದಾಗ ಕಣ್ಣಿಗೆ ಬಿದ್ದದ್ದು ಬೇರೆಯೇ ವಿಷಯ. ಮನೆಯವರು ತಂದ ಸಗಣಿಯನ್ನು ತೂಗಿ ಕೆ.ಜಿ.ಗೆ 2 ಪೈಸೆಯಂತೆ ಕೊಡುತ್ತಿದ್ದರು, ಗ್ಯಾಸ್ ತೆಗೆದ ಮೇಲಿನ ಬಗ್ಗಡವನ್ನು ಗೊಬ್ಬರಕ್ಕೆ ವಾಪಸ್ ಕೊಡುತ್ತಿದ್ದರು. ತರುವವರು ಹೆಚ್ಚಾಗಿ ಹೆಂಗಸರು, ದುಡ್ಡು ಅವರ ಕೈಗೇ. ಸ್ಥಾವರ ನಡೆಸಲು ಊರಿನದೇ ಹುಡುಗರು, ಅವರಿಗೆ ಸಂಬಳ. ಅಲ್ಲಿ ಯಾವುದೂ ಜಂಟಿ ಆಗಿರಲಿಲ್ಲ. ತೂಗುವವರು ಯಾರು, ಎಂಜಿನ್ ಶುರು ಮಾಡುವವರು ಯಾರು ಅನ್ನುವುದು ಊರಿಗೆಲ್ಲ ಗೊತ್ತಿತ್ತು.

ಹಾಗೇ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆ. ಸೌದೆಯಿಂದ ಅನಿಲ ಮಾಡಿ ವಿದ್ಯುತ್ ಉತ್ಪಾದಿಸಿ, ಗ್ರಾಮ ಪಂಚಾಯಿತಿಯೇ ಅದನ್ನು ಗ್ರಿಡ್‌ಗೆ ಮಾರಿದ್ದು ದೇಶದಲ್ಲೇ ಮೊದಲು ಅಲ್ಲಿ. ಬೆಸ್ಕಾಂ ಕೊಟ್ಟ ದರ ಯೂನಿಟ್ಟಿಗೆ 2.85 ರೂಪಾಯಿ. ಆ ಬೆಲೆ ಸಾಕಿತ್ತೋ ಇಲ್ಲವೋ ಅನ್ನುವುದು ಬೇರೆ ಚರ್ಚೆ. ಒಂದು ಯೂನಿಟ್ಟಿಗೆ ಕೆ.ಜಿ.ಗೂ ಹೆಚ್ಚು ಒಣ ಸೌದೆ ಬೇಕು, ಸೌದೆಯ ಬೆಲೆ ಕರಾರು ನೋಡಿಕೊಂಡು ಸುಮ್ಮನಿರುವುದಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ‘ಯೂನಿಟ್ಟಿಗೆ ಇಷ್ಟು’ ಅನ್ನುವ ಲೆಕ್ಕ. ಮೀಟರ್ ಓದಿದರೆ ಮುಗಿಯಿತು, ಹೋದ ವರ್ಷದ ಬಿಲ್ಲು ಹುಡುಕಬೇಕಿಲ್ಲ.

(ನಮ್ಮ ಜಿಲ್ಲೆಯ ಸೋಲಾರ್ ಅಂದರೆ ಎಲ್ಲರೂ ಪಾವಗಡ ಅನ್ನುತ್ತಾರೆ. 2050 ಮೆಗಾವ್ಯಾಟ್, ಸುಮಾರು 13,000 ಎಕರೆ, ರೈತರಿಗೆ ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ತಿರುಮಣಿ ಕಡೆ ಹೋಗಿ ನಿಂತರೆ ಕಣ್ಣು ಹಾಯುವ ತನಕ ಗಾಜು. ಅದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ರೈತ ಭೂಮಾಲೀಕ. ಇನ್ವರ್ಟರ್ ಸುಟ್ಟರೆ ಅವನು ಯೋಚಿಸಬೇಕಿಲ್ಲ. ನಮ್ಮ 5 ಕಿಲೋವ್ಯಾಟಿನ ಕಷ್ಟವೇ ಬೇರೆ ಜಾತಿಯದ್ದು.)

ಎರಡನೇ ಕರಾರು ಮಾಡಲು ನಾಲ್ಕು ತಿಂಗಳು ಹಿಡಿಯಿತು. ಈ ಸಲ ಕರಡು ನಾನೊಬ್ಬಳೇ ಬರೆಯಲಿಲ್ಲ. ಶುದ್ಧ ನೀರಿನ ಘಟಕದ ಜಗಲಿಯ ಮೇಲೆ ಕೂತು, ನೀರುಗಂಟಿಯನ್ನೂ ಕೂರಿಸಿಕೊಂಡು ಬರೆದೆವು. ಅವನು ಕೂರಲು ಒಪ್ಪಲಿಲ್ಲ, ನಿಂತೇ ಇದ್ದ. ಸಂಘದ ಅಕ್ಕ ಒಂದೊಂದು ಸಾಲಿಗೂ “ಯಾರು?” ಅಂತ ಕೇಳುತ್ತಿದ್ದರು. ಪ್ಯಾನೆಲ್ ತೊಳೆಯೋದು ಯಾರು? ಸಂಘ, ತಿಂಗಳಲ್ಲಿ ಎರಡು ಸಲ, ಬಿಸಿಲೇರುವ ಮುಂಚೆ. ಯಾಕೆಂದರೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು. ಗುಂಡಿಗೆ ನೀರು ಯಾರು? ನೀರುಗಂಟಿ, ಸೋಮವಾರ, ಸಹಿ ಪುಸ್ತಕದಲ್ಲಿ. ಕಾಂಪೌಂಡ್ ಬೀಗದ ಇನ್ನೊಂದು ಕೀಲಿ ಯಾರ ಹತ್ತಿರ? ಇಲ್ಲಿ ಸ್ವಲ್ಪ ಜಗಳ ಆಯಿತು, ಕೊನೆಗೆ ಮೇಷ್ಟ್ರಿಗೆ ಕೊಟ್ಟೆವು. ‘ಅಧ್ಯಕ್ಷರು’ ಅಂತ ಇದ್ದ ಕಡೆಯೆಲ್ಲ ‘ಗ್ರಾಮ ಪಂಚಾಯಿತಿ’ ಮಾಡಿದೆವು. ಆಮೇಲೆ ಗ್ರಾಮಸಭೆಯಲ್ಲಿ ಇಡೀ ಕರಾರು ಓದಿಸಿ ನಡಾವಳಿಗೆ ಸೇರಿಸಿದೆವು. ಅಧ್ಯಕ್ಷರು ಬದಲಾದರೂ ನಡಾವಳಿ ಪುಸ್ತಕ ಬದಲಾಗುವುದಿಲ್ಲ.

ದುಡ್ಡಿನ ವಿಷಯಕ್ಕೆ ಮೊದಲು ಆಡಿಟರ್‌ಗೇ ಫೋನ್ ಮಾಡಿ ಕೇಳಿದೆ. ಹನ್ನೊಂದು ವರ್ಷದಲ್ಲಿ ಆಕ್ಷೇಪಣೆ ಬರುವ ಮುಂಚೆ ನಾನಾಗಿ ಆಡಿಟರ್‌ಗೆ ಫೋನ್ ಮಾಡಿದ್ದು ಅದೇ ಮೊದಲು. ಅವರು ಎರಡು ನಿಮಿಷದಲ್ಲಿ ದಾರಿ ಹೇಳಿದರು. ಈಗ ಸಂಘ ತಿಂಗಳಿಗೊಂದು ಬಿಲ್ ಕೊಡುತ್ತದೆ: ನಿರ್ವಹಣಾ ಸೇವೆ, ಇನ್ವರ್ಟರ್ ಮೀಟರ್ ಪ್ರಕಾರ ಇಷ್ಟು ಯೂನಿಟ್, ಯೂನಿಟ್ಟಿಗೆ 2 ರೂಪಾಯಿ. ನಮ್ಮ ಬಿಸಿಲಿಗೆ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ 5 ಕಿಲೋವ್ಯಾಟಿಗೆ ತಿಂಗಳಿಗೆ 600ರ ಆಸುಪಾಸು, ಹತ್ತಿರ ಹತ್ತಿರ 1,200 ರೂಪಾಯಿ. ನಮ್ಮ ಸ್ವಂತ ಸಂಪನ್ಮೂಲದಿಂದ ಪಾವತಿ. ಆ ದುಡ್ಡು ಬೇರೆ ಖಾತೆಗೆ, ರಿಪೇರಿಗೆ ಬಿಟ್ಟು ಬೇರೆ ಯಾವುದಕ್ಕೂ ತೆಗೆಯುವ ಹಾಗಿಲ್ಲ. ವರ್ಷಕ್ಕೊಮ್ಮೆ ದರ ಕೂತು ಮಾತಾಡಬೇಕು ಅಂತಲೂ ಸೇರಿಸಿದೆವು, ಕಬ್ಬಿಗೆರೆಯ ಸೌದೆ ನೆನಪಾಗಿ.

ಹೊಸ ಇನ್ವರ್ಟರ್‌ಗೆ ಅರ್ಧ ಸಾಲ, ಅರ್ಧ ಮತ್ತೆ ಮನೆಮನೆಗೆ ಹೋಗಿ ಎತ್ತಿದ್ದು. ಎರಡನೇ ಸಲ ಕೈಚಾಚಲು ಅಕ್ಕಂದಿರಿಗೆ ಎಷ್ಟು ಕಷ್ಟವಾಯಿತು ಅಂತ ನಾನು ಜೊತೆಗೆ ಹೋದಾಗ ಗೊತ್ತಾಯಿತು. ಒಂದು ಮನೆಯಲ್ಲಿ ಅಜ್ಜಿ, “ಕರೆಂಟ್ ಹೋದಾಗ ನಿಮ್ ಸೋಲಾರೂ ಹೋಗ್ತದೆ, ಅದೇನ್ ಸೋಲಾರು?” ಅಂತ ಕೇಳಿದರು. ಈ ಪ್ರಶ್ನೆಗೆ ಮೊದಲೇ ಊರಿಗೆಲ್ಲ ಉತ್ತರ ಹೇಳಬೇಕಿತ್ತು. ಗ್ರಿಡ್‌ಗೆ ಸೇರಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಲೈನ್ ಆಫ್ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಚಾವಣಿಯಿಂದ ಕರೆಂಟ್ ಹೊಡೆಯುತ್ತದೆ. ಅಜ್ಜಿಗೆ ಹೀಗೆ ಹೇಳಿದಾಗ ಒಂದು ಗಳಿಗೆ ಸುಮ್ಮನಿದ್ದು, “ನಮ್ ತಂಗಿ ಮಗ ಲೈನ್‌ಮನ್ನೇ” ಅಂದು ಇನ್ನೂರು ರೂಪಾಯಿ ಕೊಟ್ಟರು.

ಹೋದ ತಿಂಗಳು ನನಗೆ ವರ್ಗ ಆಯಿತು. ಪ್ರಭಾರ ವಹಿಸಿಕೊಡುವ ದಿನ ಹೊಸ ಪಿಡಿಒಗೆ ಕಡತಗಳ ಜೊತೆ ನೀರುಗಂಟಿಯ ಸಹಿ ಪುಸ್ತಕವನ್ನೂ ಕೊಟ್ಟೆ. ನಲವತ್ತು ಹಾಳೆಯ ಮಾಮೂಲಿ ನೋಟ್‌ಬುಕ್, ರಟ್ಟಿನ ಮೇಲೆ ನೀರಿನ ಕಲೆ. ಅವರು ಒಂದೆರಡು ಹಾಳೆ ತಿರುವಿದರು. ಸೋಮವಾರ, ಎರಡು ಬಿಂದಿಗೆ, ಸಹಿ. ಸೋಮವಾರ, ಎರಡು ಬಿಂದಿಗೆ, ಸಹಿ. ಒಂದು ಕಡೆ ನಿಲ್ಲಿಸಿ ಇದೇನು ಅಂತ ತೋರಿಸಿದರು. ವಕ್ರ ಅಕ್ಷರದಲ್ಲಿ ಬರೆದಿತ್ತು: ‘ರಾತ್ರಿ ಮಳೆ ಬಂತು. ಗುಂಡಿ ತುಂಬೈತೆ. ನೀರು ಹಾಕಿಲ್ಲ.’ ಅದರ ಕೆಳಗೂ ಸಹಿ ಇತ್ತು.