ಹಿರೇಬೆಣಕಲ್ ಗುಡ್ಡದಲ್ಲಿ ಗೈಡ್ ಕೆಲಸ: ಬಾಟಲಿ ಮುಚ್ಚಳ ತೆಗೆಯುವ ಮೊದಲು

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ, ಕೆಲವಕ್ಕೆ ದುಂಡನೆಯ ಕಿಂಡಿಯೂ ಇದೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಬರುವವರ ಕಣ್ಣೆಲ್ಲ ಅವುಗಳ ಮೇಲೇ. ನನಗೆ ಕಷ್ಟ ಕೊಡುವುದು ಮಾತ್ರ ಬಂಡೆಗಳ ಅಡಿಯಲ್ಲಿರುವ ಕೆಂಪು ಚಿತ್ರಗಳು.

ಯಾಕಂದ್ರೆ ಅವು ಮೊದಲ ನೋಟಕ್ಕೆ ಕಾಣುವುದೇ ಇಲ್ಲ. ಬಿಸಿಲಲ್ಲಿ ಹತ್ತಿ ಬಂದ ಕಣ್ಣಿಗೆ ನೆರಳಿನ ಬಂಡೆ ಬರೀ ಕಪ್ಪು. "ಎಲ್ಲಿ ಅಣ್ಣಾ, ಏನೂ ಇಲ್ವಲ್ಲ?" ಅನ್ನುತ್ತಾರೆ, ಅಷ್ಟರಲ್ಲಿ ಯಾರೋ ಒಬ್ಬರು ನೀರಿನ ಬಾಟಲಿ ಮುಚ್ಚಳ ತೆಗೆದಿರುತ್ತಾರೆ. ಒದ್ದೆ ಮಾಡಿದರೆ ಬಣ್ಣ ಎದ್ದು ಕಾಣುತ್ತದೆ, ಸುಳ್ಳಲ್ಲ. ಆದರೆ ಆ ನೀರು ಕಲ್ಲಿನೊಳಗಿನ ಉಪ್ಪನ್ನು ಕರಗಿಸಿ, ಒಣಗುವಾಗ ಮೇಲಕ್ಕೆ ಎಳೆದುಕೊಂಡು ಬರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುತ್ತಲ್ಲ, ಅದೇ ಥರ ಬಿಳಿ ಪೊರೆ ಚಿತ್ರದ ಮೇಲೆ ಕೂರುತ್ತದೆ. ಆಮೇಲೆ ಅದನ್ನು ಉಜ್ಜಿ ತೆಗೆಯೋಕೂ ಆಗುವುದಿಲ್ಲ.

ಕಾನೂನು ಹೇಳಬಹುದು. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಹಾಳು ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹೇಳಿದ ತಕ್ಷಣ ಬಾಟಲಿ ಚೀಲಕ್ಕೆ ಹೋಗುತ್ತದೆ, ಜೊತೆಗೆ ಜನರ ಉತ್ಸಾಹವೂ ಹೋಗುತ್ತದೆ. ನೀರು ಹಾಕಲು ಬಂದವರು ಕಿಡಿಗೇಡಿಗಳಲ್ಲ ಅಲ್ವಾ, ಅವರಿಗೆ ಚಿತ್ರ ಕಾಣಬೇಕು ಅಷ್ಟೇ. ಅದನ್ನು ಕಾಣಿಸುವುದು ನನ್ನ ಕೆಲಸ.

ಅದಕ್ಕೆ ಈಗ ಎಲ್ಲರನ್ನೂ ಮೊದಲು ಬಂಡೆಗೆ ಎದುರಾಗಿ ಸುಮ್ನೆ ಕೂರಿಸುತ್ತೇನೆ. ಕಣ್ಣು ನೆರಳಿಗೆ ಹೊಂದಿಕೊಳ್ಳಲಿ. ಪಕ್ಕದಿಂದ ಬಿಸಿಲು ಹೊಡೆಯುತ್ತಿದ್ದರೆ ಛತ್ರಿ ಬಿಚ್ಚಿ ತಡೆಯುತ್ತೇನೆ. "ಅದು ಕುದುರೆ" ಅಂತ ನಾನಾಗಿ ಹೇಳುವುದಿಲ್ಲ, "ಕಾಲು ಹುಡುಕಿ" ಅನ್ನುತ್ತೇನೆ. ಒಬ್ಬರಿಗೆ ಕಾಲು ಸಿಕ್ಕಿತು ಅಂದರೆ ಮುಗಿಯಿತು, ಬೆನ್ನು, ಕತ್ತು, ಮೇಲೆ ಕೂತ ಸವಾರ, ಪಕ್ಕದಲ್ಲಿ ಕೈ ಕೈ ಹಿಡಿದು ನಿಂತ ಜನ, ಒಂದೊಂದಾಗಿ ಹೊರಗೆ ಬರುತ್ತವೆ, ಮಕ್ಕಳು ಜಗಳವಾಡಿಕೊಂಡು ಎಣಿಸುತ್ತಾರೆ. ಕೋಲಿನಿಂದ ತೋರಿಸುವುದನ್ನಂತೂ ಬಿಟ್ಟೇ ಬಿಡಿ, ತುದಿ ಕಲ್ಲಿಗೆ ತಾಗದೆ ಇರುವುದಿಲ್ಲ.

ಅಷ್ಟಾದರೂ ಕಾಣದಿದ್ದರೆ ಡಿ-ಸ್ಟ್ರೆಚ್ (DStretch) ಅನ್ನೋ ಫೋಟೋ ಸಾಫ್ಟ್‌ವೇರ್ ಇದೆ. ಬಂಡೆಯ ಫೋಟೋ ತೆಗೆದು ಅದರಲ್ಲಿ ಹಾಕಿದರೆ ಮಾಸಿದ ಕೆಂಪು ಬಣ್ಣವನ್ನಷ್ಟೇ ಎತ್ತಿ ತೋರಿಸುತ್ತದೆ. ಜಗತ್ತಿನಾದ್ಯಂತ ಶಿಲಾಚಿತ್ರ ಅಧ್ಯಯನ ಮಾಡುವವರು ಬಳಸುವ ಸಾಧನ ಇದು, ಈಗ ಫೋನಿನಲ್ಲೂ ಸಿಗುತ್ತದೆ. ಖಾಲಿ ಅಂದುಕೊಂಡಿದ್ದ ಕಲ್ಲಿನಲ್ಲಿ ಗೂಳಿಯ ಕೊಂಬು ಮೂಡಿದ್ದು ಕಂಡ ಮೇಲೆ ನೀರಿನ ಮಾತು ಯಾರೂ ಎತ್ತುವುದಿಲ್ಲ.

ಇಷ್ಟರ ಮೇಲೆ ಉಳಿಯುವುದು ಒಂದೇ ಪ್ರಶ್ನೆ. "ಎಷ್ಟು ವರ್ಷ ಹಳೇದು? ಒಂದು ನಂಬರ್ ಹೇಳಿ, ಸ್ಟೇಟಸ್‌ಗೆ ಹಾಕಬೇಕು." ಬಾಯಿಗೆ ಬಂದ ಸಾವಿರ ಹೇಳಿ ಚಪ್ಪಾಳೆ ಗಿಟ್ಟಿಸೋದು ಸುಲಭ. ನಾನು ಬಣ್ಣದಿಂದ ಶುರು ಮಾಡುತ್ತೇನೆ. ಈ ಕೆಂಪು ಕಬ್ಬಿಣದ ಅಂಶವಿರುವ ಕಾವಿಕಲ್ಲಿನದು, ಅದಕ್ಕೇ ಇಷ್ಟು ಕಾಲ ಬಿಸಿಲಿಗೆ ಬಿಳಿಚಿಕೊಂಡಿಲ್ಲ. ಆದರೆ ಅದರಲ್ಲಿ ಇಂಗಾಲವಿಲ್ಲ, ಆದ್ದರಿಂದ ಇಂಗಾಲ ಅಳೆದು ಇದ್ದಿಲಿನ ವಯಸ್ಸು ಹೇಳುವ ಹಾಗೆ ಇದರ ವಯಸ್ಸು ಹೇಳಲು ಬರುವುದಿಲ್ಲ. ಇನ್ನು ಕುದುರೆ ಈ ಸೀಮೆಗೆ ದನ ಕುರಿಗಳಿಗಿಂತ ಎಷ್ಟೋ ತಡವಾಗಿ ಬಂದ ಪ್ರಾಣಿ, ಹಾಗಾಗಿ ಸವಾರ ಇರುವ ಚಿತ್ರ ತೀರಾ ಹಳೆಯದಲ್ಲ ಅಂತ ಅಂದಾಜು ಮಾಡಬಹುದು. ಕೆಲವರಿಗೆ ನಿರಾಸೆ ಆಗುತ್ತದೆ, ಆಗಲಿ. ಜಾಸ್ತಿ ಜನ ಮಾತ್ರ ಮತ್ತೊಮ್ಮೆ ಬಂಡೆ ಕಡೆ ತಿರುಗಿ, ಯಾವ ಚಿತ್ರದಲ್ಲಿ ಕುದುರೆ ಇದೆ, ಯಾವುದರಲ್ಲಿ ಇಲ್ಲ ಅಂತ ಹುಡುಕಲು ಶುರು ಮಾಡುತ್ತಾರೆ.