ಟೇಬಲ್ ಸಾ ಆಮೇಲೆ, ಪ್ಲೇನರ್ ಮೊದಲು

ಕಾಫಿಗೆ ಒಂಚೂರು ಒಳ್ಳೆ ರೇಟು ಸಿಕ್ಕಿದ್ದಕ್ಕೆ ನಮ್ಮ ಕಡೆ ಕೆಲವರು ಕಾರ್ ಬದಲಾಯಿಸಿದ್ರು, ಕೆಲವರು ಬೋರ್ ಹೊಡೆಸಿದ್ರು, ನಾನು ಮರಗೆಲಸದ ಮಷೀನ್ ತಗೊಂಡೆ. ಚಿಕ್ಕಮಗಳೂರು ಕಡೆ ಆಲ್ದೂರು ಹತ್ರ ನಮ್ದು ಚಿಕ್ಕ ತೋಟ, ಹಳೇ ಗೋಡೌನಿನ ಒಂದು ಪಕ್ಕ ಕಾಫಿ ಮೂಟೆ, ಇನ್ನೊಂದು ಪಕ್ಕ ನನ್ನ ವರ್ಕ್‌ಶಾಪ್, ಮಧ್ಯೆ ಗೋಡೆ ಇಲ್ಲ, ಟಾರ್ಪಾಲ್ ಇಳಿಬಿಟ್ಟಿದೀವಿ. ಮೂಟೆ ಮೇಲೆ ಮರದ ಪುಡಿ ಬೀಳ್ಬಾರ್ದು ಅನ್ನೋದೊಂದೇ ಮನೆಯವರ ಕಂಡೀಷನ್. ಇಲ್ಲಿವರೆಗೂ ಇದ್ದಿದ್ದು ಒಂದು ಡ್ರಿಲ್, ಒಂದು ಜಿಗ್‌ಸಾ, ನಾಲ್ಕಾರು ಉಳಿ, ಕೈಗರಗಸ, ಕೈಯಲ್ಲಿ ಮರ ಕೆರೆಯೋಕೆ ಅಜ್ಜನ ಕಾಲದ ಒಂದು ಹತ್ರಿ, ಅಷ್ಟೆ.

ಮೊದಲು ಯಾವ ಮಷೀನ್ ತಗೋಬೇಕು ಅಂತ ಯಾರನ್ನೇ ಕೇಳಿ, ಯಾವ ವಿಡಿಯೋನೇ ನೋಡಿ, ಎಲ್ಲಾ ಕಡೆ ಒಂದೇ ಉತ್ತರ, ಟೇಬಲ್ ಸಾ, ಅಂದ್ರೆ ಟೇಬಲ್ ನಡುವಿಂದ ಗರಗಸದ ಚಕ್ರ ಎದ್ದಿರೋ ಮಷೀನು. ನನ್ನ ಪ್ರಕಾರ ಈ ಮಾತು ನಮ್ಮ ಮಲೆನಾಡಿಗೆ ಒಗ್ಗಲ್ಲ. ಆ ವಿಡಿಯೋ ಮಾಡೋ ಅಮೆರಿಕದವರು ಅಂಗಡಿಗೆ ಹೋಗಿ, ಕಿಲ್ನ್‌ನಲ್ಲಿ ಒಣಗಿಸಿ ನಾಲ್ಕೂ ಮೈ ನುಣುಪು ಮಾಡಿಟ್ಟಿರೋ ಹಲಗೆನ ಗಾಡಿಗೆ ಹಾಕ್ಕೊಂಡು ಬರ್ತಾರೆ, ಅವ್ರಿಗೆ ಉಳಿದಿರೋ ಕೆಲಸ ಅಂದ್ರೆ ಅಳತೆಗೆ ಕುಯ್ಯೋದು, ಅದಕ್ಕೆ ಟೇಬಲ್ ಸಾ ಸರಿ. ಇಲ್ಲಾ ಪ್ಲೈವುಡ್ಡಲ್ಲಿ ಕಿಚನ್, ವಾರ್ಡ್‌ರೋಬ್ ಮಾಡೋರಿಗೆ ಸರಿ. ನಮಗೆ ಮರ ಬರೋದು ತೋಟದಿಂದ. ಮೆಣಸಿನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಓಕ್, ನಮ್ಮ ಬಾಯಲ್ಲಿ ಸಿಲ್ವರ್ ಮರ, ಜುಲೈ ಗಾಳಿಗೆ ಉರುಳುತ್ತೆ, ಇಲ್ಲ ಹಿತ್ತಲಿನ ಹಲಸು ಒಣಗುತ್ತೆ. ಬೀಟೆ, ತೇಗ, ಹೊನ್ನೆ ಮುಟ್ಟಬೇಕಂದ್ರೆ ಅರಣ್ಯ ಇಲಾಖೆ ಪರ್ಮಿಷನ್ನು, ಕಾಗದ, ಓಡಾಟ, ಅದೆಲ್ಲ ಹವ್ಯಾಸದ ಕೆಲಸಕ್ಕೆ ಆಗೋ ಮಾತಲ್ಲ. ಹಂಗಾಗಿ ನಮ್ಮ ಕೈಗೆ ಸಿಗೋದು ಸಿಲ್ವರ್ರು, ಅದನ್ನ ಪಿಕಪ್‌ನಲ್ಲಿ ಹೇರ್ಕೊಂಡು ಸಾಮಿಲ್ಲಿಗೆ ಹೋಗ್ಬೇಕು.

ಸಾಮಿಲ್ಲಿಂದ ಬಂದ ಹಲಗೆ ಕೈಯಲ್ಲಿ ಹಿಡಿದು ನೋಡಿದೋರಿಗೆ ನಾನೇನು ಹೇಳ್ತಿದೀನಿ ಅಂತ ಗೊತ್ತಾಗುತ್ತೆ. ಬ್ಯಾಂಡ್ ಸಾ ಬ್ಲೇಡು ಹೋದ ಗೆರೆ ಉದ್ದಕ್ಕೂ ಅಲೆ ಅಲೆಯಾಗಿ ಬಿದ್ದಿರುತ್ತೆ, ಬೆರಳಾಡಿಸಿದ್ರೆ ಸಿಬರು ಚುಚ್ಚುತ್ತೆ, ಒಂದು ತುದಿ ಒಂದೂಕಾಲು ಇಂಚು ದಪ್ಪ ಇದ್ರೆ ಇನ್ನೊಂದು ತುದಿ ಒಂದಿಂಚು, ಗಂಟು ಬಂದ ಕಡೆ ಬ್ಲೇಡು ಓಡಿ ಹೋಗಿ ಉಬ್ಬಿರುತ್ತೆ. ಇದು ಹಸಿ ಇದ್ದಾಗಿನ ಕಥೆ. ರೀಪು ಕೊಟ್ಟು ಪೇರಿಸಿ, ತುದಿಗಳಿಗೆ ಹಳೇ ಪೇಂಟ್ ಬಳಿದು ಒಣಗಕ್ಕೆ ಬಿಟ್ರೆ, ಒಂದಿಂಚು ದಪ್ಪಕ್ಕೆ ಒಂದು ವರ್ಷ ಅಂತ ಒಂದು ಅಂದಾಜಿನ ಲೆಕ್ಕ ಇದೆಯಲ್ಲ, ಅಷ್ಟು ಕಾದಮೇಲೆ ತೆಗೆದು ನೋಡಿದ್ರೆ ಅರ್ಧ ಹಲಗೆಗಳು ಕರಿದ ಹಪ್ಪಳದ ತರ ಒಂದೊಂದು ಮೂಲೆ ಎತ್ಕೊಂಡು ಕೂತಿರ್ತವೆ. ಇಂಥಾ ಹಲಗೆನ ಟೇಬಲ್ ಸಾಗೆ ಕೊಟ್ರೆ ಏನಾಗುತ್ತೆ? ಅಡಿ ಮೈ ಸಮ ಇಲ್ಲ, ಹಲಗೆ ಟೇಬಲ್ ಮೇಲೆ ತೂಗಾಡುತ್ತೆ, ಪಕ್ಕದಲ್ಲಿರೋ ನೇರ ಪಟ್ಟಿಗೆ, ಅಂದ್ರೆ ಫೆನ್ಸಿಗೆ, ಒರಗಿ ನಿಲ್ಲಲ್ಲ, ಸ್ವಲ್ಪ ಹೊರಳಿದ್ರೂ ಬ್ಲೇಡಿನ ಹಿಂದಿನ ಹಲ್ಲಿಗೆ ಸಿಕ್ಕಿ ಹಲಗೆ ಎತ್ತಿ ಎದೆಗೆ ಹೊಡೆಯುತ್ತೆ. ಕಿಕ್‌ಬ್ಯಾಕ್ ಅಂತಾರಲ್ಲ ಅದೇ. ಮಟ್ಟ ಇಲ್ಲದ ಮರಕ್ಕೆ ಮೊದಲು ಬೇಕಾಗಿರೋದು ಮಟ್ಟ ಮಾಡೋ ಮಷೀನು, ಕುಯ್ಯೋದಲ್ಲ.

ಅದಕ್ಕೇ ದುಡ್ಡಿನ ದೊಡ್ಡ ಪಾಲು ಥಿಕ್‌ನೆಸ್ ಪ್ಲೇನರ್‌ಗೆ ಹೋಯ್ತು. ಮಕೀಟಾ 2012ಎನ್‌ಬಿ ತಗೊಂಡೆ, 304 ಎಂಎಂ ಅಗಲ ಅಂದ್ರೆ ಹನ್ನೆರಡು ಇಂಚು ಹಲಗೆ ಹೋಗುತ್ತೆ, 1650 ವ್ಯಾಟ್ ಮೋಟಾರು, ಇಬ್ಬರು ಸೇರಿದ್ರೆ ಎತ್ತಿ ಪಕ್ಕಕ್ಕಿಡಬಹುದು. ಇದನ್ನ ತಗೊಳೋರು ಒಂದು ವಿಷಯ ಮೊದಲೇ ತಿಳ್ಕೊಂಡಿರಿ, ಈ ಮಷೀನು ದಪ್ಪ ಸಮ ಮಾಡುತ್ತೆ, ಸೊಟ್ಟ ತೆಗೆಯಲ್ಲ. ಒಳಗಿರೋ ರಬ್ಬರ್ ರೋಲರ್ ಹಲಗೆನ ಅಮುಕಿ ಹಿಡ್ಕೊಂಡು ಎಳೆಯುತ್ತೆ, ಆ ಕ್ಷಣಕ್ಕೆ ಸೊಟ್ಟ ಹಲಗೆನೂ ಚಪ್ಪಟೆ ಆಗುತ್ತೆ, ಬ್ಲೇಡು ಮೇಲಿನ ಮೈ ಕೆರೆಯುತ್ತೆ, ಆ ಕಡೆಯಿಂದ ಹೊರಗೆ ಬಂದ ತಕ್ಷಣ ಹಲಗೆ ತನ್ನ ಹಳೇ ಸೊಟ್ಟಕ್ಕೇ ವಾಪಸ್. ನುಣ್ಣಗಿರೋ ಸೊಟ್ಟ ಹಲಗೆ ಸಿಗುತ್ತೆ ಅಷ್ಟೆ. ಇದಕ್ಕೆ ಜಾಯಿಂಟರ್ ಅಂತ ಬೇರೆ ಮಷೀನ್ ಇದೆ, ಅದು ಇಲ್ದೆನೂ ಆಗುತ್ತೆ. ಒಂದು ನೇರ ಪ್ಲೈವುಡ್ ಹಲಗೆ ಮೇಲೆ ಸೊಟ್ಟ ಹಲಗೆ ಇಟ್ಟು, ಎಲ್ಲೆಲ್ಲಿ ಎದ್ದಿದ್ಯೋ ಅಲ್ಲಲ್ಲಿ ಅಡಿಗೆ ಚಿಕ್ಕ ಚಕ್ಕೆ ಕೊಟ್ಟು, ಗ್ಲೂ ಗನ್ನಿಂದ ಎರಡು ಹನಿ ಹಾಕಿ ಅಲುಗಾಡದ ಹಂಗೆ ಮಾಡಿ, ಎರಡನ್ನೂ ಸೇರಿಸಿ ಪ್ಲೇನರ್‌ಗೆ ಕೊಡೋದು. ಮೇಲ್ಮೈ ಮಟ್ಟ ಆಯ್ತಾ, ಚಕ್ಕೆ ಕಿತ್ತು ಹಲಗೆ ಮಗುಚಿ ಹಾಕಿ, ಈಗ ಬರೋದು ನಿಜವಾದ ಸಮ ಹಲಗೆ. ಚಿಕ್ಕ ಹಲಗೆ ಆದ್ರೆ ಅಜ್ಜನ ಹತ್ರೀಲಿ ಎದ್ದ ಮೂಲೆ ಎರಡು ಕೆರೆದ್ರೂ ಸಾಕು. ಒಂದೇ ಸಲಕ್ಕೆ ಜಾಸ್ತಿ ತೆಗೆಯೋ ಆಸೆ ಬೇಡ, ಅರ್ಧ ಮಿಲಿಮೀಟರ್ ಹಂಗೆ ಇಳಿಸ್ಕೊಂಡು ಹೋದ್ರೆ ಸಿಲ್ವರ್ ಮರದ ಎಳೆ ಕಿತ್ತು ಬರಲ್ಲ.

ಮತ್ತೆ ಸಿಲ್ವರ್ ಅಂದ್ರೆ ಪ್ಯಾಕಿಂಗ್ ಬಾಕ್ಸು, ಪ್ಲೈವುಡ್ಡು ಅಂತ ನಮ್ಮೋರೇ ಅಸಡ್ಡೆ ಮಾಡ್ತಾರೆ. ಸಾಮಿಲ್ಲಲ್ಲಿ ದಿಮ್ಮಿನ ನಾಲ್ಕು ಭಾಗ ಮಾಡಿ ನಡುವಿನ ಕಡೆಗೆ ಮುಖ ಮಾಡಿ ಸೀಳ್ಸಿ ನೋಡಿ, ಪ್ಲೇನರ್‌ನಿಂದ ಹೊರಗೆ ಬರ್ತಿದ್ದ ಹಂಗೆ ತಿಳಿ ಕೆಂಪು ಮೈ ಮೇಲೆ ಜಾಲರಿ ಜಾಲರಿ ಹೊಳಪು ಕಾಣುತ್ತೆ, ಎಣ್ಣೆ ಹಚ್ಚಿದ್ರಂತೂ ನೋಡ್ತಾ ನಿಲ್ಬೇಕು. ಎರಡು ತೊಂದರೆ ಇದೆ. ಒಂದು, ಕುಟ್ಟೆ ಹಿಡಿಯುತ್ತೆ, ಹಸಿ ಇದ್ದಾಗಲೇ ಬೊರಾಕ್ಸ್ ಬೋರಿಕ್ ನೀರು ಹೊಡೆದಿಟ್ರೆ ವಾಸಿ. ಇನ್ನೊಂದು, ಇದರ ಪುಡಿ ಕೆಲವರ ಮೈಗೆ ಆಗಲ್ಲ, ಕೆರೆತ ಬರುತ್ತೆ.

ಕರೆಂಟಿನ ವಿಷಯಕ್ಕೆ ಬರ್ತೀನಿ, ಇದನ್ನ ಮಷೀನ್ ಮಾರೋರು ಯಾರೂ ಹೇಳಲ್ಲ. ಡಬ್ಬಿ ಮೇಲೆ 230 ವೋಲ್ಟ್ ಅಂತ ಬರ್ದಿರುತ್ತೆ, ನಮ್ಮ ಲೈನಲ್ಲಿ ಅದು ಮಧ್ಯರಾತ್ರಿ ಮಾತ್ರ ಬರುತ್ತೆ ಅನ್ಸುತ್ತೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸೋ ಮಳೆ ಕೈಕೊಟ್ಟು ಸುತ್ತಮುತ್ತಲ ತೋಟದಲ್ಲೆಲ್ಲ ಸ್ಪ್ರಿಂಕ್ಲರ್ ಮೋಟಾರು ಶುರುವಾದ್ರೆ ಮೀಟರ್ ಇಟ್ಟು ನೋಡಿ, 190ರ ಕೆಳಗೆ ಇಳಿದಿರುತ್ತೆ. ಇಲ್ಲಿ ಮೋಟಾರಿನ ಜಾತಿ ಮುಖ್ಯ. ಕೈಯಲ್ಲಿ ಹಿಡಿಯೋ ಮಷೀನು, ಈ ಪ್ಲೇನರ್ರು, ಎಲ್ಲ ಕಾರ್ಬನ್ ಬ್ರಶ್ ಇರೋ ಯೂನಿವರ್ಸಲ್ ಮೋಟಾರು, ಕಿವಿ ಹರಿಯೋ ಹಂಗೆ ಕಿರುಚುತ್ತೆ, ಆದ್ರೆ ವೋಲ್ಟೇಜ್ ಇಳಿದ್ರೆ ಸುಮ್ನೆ ಸ್ಪೀಡು, ಶಕ್ತಿ ಕಮ್ಮಿ ಆಗುತ್ತೆ, ನಾವು ನಿಧಾನಕ್ಕೆ ಮರ ಕೊಟ್ರೆ ಆಯ್ತು. ಪಂಜಾಬಿನ ಬಟಾಲ ಕಡೆಯಿಂದ ಬರೋ ಎರಕದ ದೊಡ್ಡ ಮಷೀನುಗಳಿಗೆ ಇಂಡಕ್ಷನ್ ಮೋಟಾರು, ಸದ್ದು ಕಮ್ಮಿ, ಬಾಳಿಕೆ ಜಾಸ್ತಿ, ಬಡಗಿಗಳ ಅಂಗಡೀಲಿ ಇರೋದೇ ಅದು. ಆದ್ರೆ ಲೋಡ್ ಮೇಲೆ ವೋಲ್ಟೇಜ್ ಕುಸಿದ್ರೆ ಅದು ಜಾಸ್ತಿ ಆಂಪ್ಸ್ ಎಳ್ಕೊಂಡು ಕಾಯುತ್ತೆ, ಓವರ್‌ಲೋಡ್ ಸ್ಟಾರ್ಟರ್ ಇಲ್ಲ ಅಂದ್ರೆ ಕಾಯಿಲ್ ಸುಡೋ ವಾಸನೆ ಬಂದಮೇಲೇ ಗೊತ್ತಾಗೋದು. ತ್ರೀ ಫೇಸ್ ಇದ್ದು ವೋಲ್ಟೇಜ್ ನೆಟ್ಟಗಿರೋ ಪೇಟೆಯವರು ಎರಕದ ಮಷೀನೇ ತಗೊಳ್ಳಿ, ತೋಟದ ಮನೆ ಸಿಂಗಲ್ ಫೇಸಿಗೆ ನನ್ನ ಓಟು ಬ್ರಶ್ ಮೋಟಾರಿಗೆ.

ವೈರಿಂಗು ಮೊದಲೇ ಮಾಡ್ಸಿದ್ದೆ. ಮೀಟರ್ ಬೋರ್ಡಿಂದ ನೇರ ಬೇರೆ ಲೈನು, 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, 16 ಆಂಪ್ಸ್ ಪವರ್ ಪ್ಲಗ್ಗು, ಅರ್ಥಿಂಗ್ ಹೊಸದು. 1650 ವ್ಯಾಟ್ ಅಂದ್ರೆ ಏಳು ಆಂಪ್ಸ್ ಮೇಲೆ, ಟಿವಿ ಹಾಕೋ ಸಣ್ಣ ಪ್ಲಗ್ಗಿಗೆ ಇದನ್ನ ಸಿಕ್ಕಿಸಬೇಡಿ. ಸುತ್ತಿಟ್ಟ ಎಕ್ಸ್‌ಟೆನ್ಷನ್ ಬಾಕ್ಸಿಂದ ಓಡಿಸೋದಾದ್ರೆ ವೈರು ಪೂರ್ತಿ ಬಿಚ್ಚಿ ಹಾಸಿ, ಸುತ್ತಿದ್ದ ಹಂಗೇ ಬಿಟ್ರೆ ಒಳಗಿನ ಬಿಸಿಗೆ ಮೇಲಿನ ರಬ್ಬರ್ ಕರಗುತ್ತೆ.

ಎರಡನೇದು ಸರ್ಕ್ಯುಲರ್ ಸಾ, ಕೈಯಲ್ಲಿ ಹಿಡಿದು ಕುಯ್ಯೋ ಚಕ್ರದ ಗರಗಸ, ಬಾಶ್ ಜಿಕೆಎಸ್ 190, 1400 ವ್ಯಾಟ್. ನಮ್ಮೂರಲ್ಲಿ ಇದನ್ನ ತಗೊಳೋರು ಕಮ್ಮಿ, ಯಾಕಂದ್ರೆ ಎಲ್ಲರ ಹತ್ರನೂ ಟೈಲ್ಸ್ ಕುಯ್ಯೋ ಮಾರ್ಬಲ್ ಕಟರ್ ಇದೆ, ಅದಕ್ಕೇ ನಾಲ್ಕಿಂಚಿನ ಮರದ ಬ್ಲೇಡ್ ಹಾಕಿ ಪ್ಲೈವುಡ್ ಕುಯ್ತಾರೆ, ಇನ್ನೂ ಧೈರ್ಯ ಇರೋರು ಅದನ್ನ ಟೇಬಲ್ ಅಡಿ ತಲೆಕೆಳಗೆ ಕಟ್ಟಿ ಟೇಬಲ್ ಸಾ ಅಂತಾರೆ. ಕೆಲಸ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕಟರ್ ತಿರುಗೋದು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿನ ಮೇಲೆ, ಸರ್ಕ್ಯುಲರ್ ಸಾ 5500, ಕಟರಿನಲ್ಲಿ ಕುಯ್ದು ಎತ್ತಿದ ಕೂಡ್ಲೆ ಸ್ಪ್ರಿಂಗಲ್ಲಿ ಮುಚ್ಕೊಳೋ ಗಾರ್ಡ್ ಇಲ್ಲ, ತೊಡೆ ಹತ್ರ ಇಳಿಸ್ಕೊಂಡಾಗ ಬ್ಲೇಡು ಇನ್ನೂ ತಿರುಗ್ತಾ ಇರುತ್ತೆ. ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕೋರ ಬಗ್ಗೆ ನಾನು ಮಾತೇ ಆಡಲ್ಲ. ಸಾ ಜೊತೆಗೆ ಅಲ್ಯೂಮಿನಿಯಂ ಪಟ್ಟಿ ಒಂದು, ಕ್ಲ್ಯಾಂಪ್ ಎರಡು ಇದ್ರೆ ನೇರ ಕುಯ್ಯೋ ಕೆಲಸ ಬಹುಪಾಲು ಮುಗೀತು. ಉದ್ದುದ್ದ ಸೀಳೋಕೆ 24 ಹಲ್ಲಿನ ಬ್ಲೇಡು, ಅಡ್ಡ ಕುಯ್ಯೋಕೆ 40 ಮೇಲೆ, ಎರಡೂ ಇಟ್ಕೊಳ್ಳಿ.

ಆಮೇಲೆ ಟ್ರಿಮ್ಮರ್, ತಿರುಗೋ ಬಿಟ್ಟಿಂದ ಅಂಚು ಕೆತ್ತೋ ಚಿಕ್ಕ ಮಷೀನು. ಬಾಶ್ ಜಿಕೆಎಫ್ 550ಗೂ ಮಕೀಟಾ ಆರ್‌ಟಿ0700ಸಿಗೂ ಯೋಚನೆ ಮಾಡಿ ಎರಡನೇದು ತಗೊಂಡೆ, ಸ್ಪೀಡು ಹತ್ತು ಸಾವಿರದಿಂದ ಮೂವತ್ತು ಸಾವಿರದವರೆಗೂ ತಿರುಗಿಸಿ ಹೊಂದಿಸ್ಕೋಬಹುದು, ಹಲಸಿನಂಥ ಮರ ಸುಟ್ಟು ಕಪ್ಪಾಗೋದು ತಪ್ಪುತ್ತೆ. ಬಿಟ್ ತಗೊಳೋವಾಗ ಅಂಗಡಿಯವರು ಆರು ಎಂಎಂ ಅಂದ್ರೂ ಕಾಲಿಂಚು ಅಂದ್ರೂ ಒಂದೇ ಅಂತ ಕೊಡ್ತಾರೆ. ಒಂದೇ ಅಲ್ಲ ಮಾರಾಯ್ರೆ. ಕಾಲಿಂಚು ಅಂದ್ರೆ 6.35. ಬಿಟ್ ಹಿಡಿಯೋ ಕಾಲಿಂಚಿನ ಕಾಲೆಟ್ ಒಳಗೆ ಆರು ಎಂಎಂ ಶ್ಯಾಂಕ್, ಅಂದ್ರೆ ಬಿಟ್ಟಿನ ಹಿಡಿ, ಹಾಕಿ ಎಷ್ಟು ಬಿಗಿ ಮಾಡಿದ್ರೂ ಅದು ಹಿಡಿದಂಗೆ ಅನ್ಸುತ್ತೆ ಹೊರತು ಹಿಡಿದಿರಲ್ಲ, ಮೂವತ್ತು ಸಾವಿರ ಸುತ್ತಲ್ಲಿ ಸಡಿಲ ಆಗಿ ಮೆಲ್ಲಗೆ ಹೊರಗೆ ಬರುತ್ತೆ ಇಲ್ಲಾ ಹಾರುತ್ತೆ. ದಪ್ಪ ಅಳೆಯೋ ವರ್ನಿಯರ್ ತಗೊಂಡೇ ಅಂಗಡಿಗೆ ಹೋಗಿ, ಅವ್ರು ನಕ್ಕರೆ ನಗಲಿ.

ಬ್ಯಾಟರಿ ಮಷೀನ್ ಬಗ್ಗೆ ಜಾಸ್ತಿ ಹೇಳಲ್ಲ, ಡ್ರಿಲ್ಲು, ಇಂಪ್ಯಾಕ್ಟ್ ಡ್ರೈವರ್ ಮಾತ್ರ ಬ್ಯಾಟರೀದು ಸಾಕು. ಒಂದು ಕಂಪನಿ ಬ್ಯಾಟರಿ ಇನ್ನೊಂದಕ್ಕೆ ಕೂರಲ್ಲ, ಅದಕ್ಕೆ ಮೊದಲ ಮಷೀನ್ ತಗೊಳೋವಾಗಲೇ ಮುಂದಿನದೂ ಯಾವ ಕಂಪನಿ ಅಂತ ಆಯ್ಕೆ ಮಾಡಿದ ಹಂಗೆ. 18 ವೋಲ್ಟಿಗಿಂತ 20 ವೋಲ್ಟ್ ಮ್ಯಾಕ್ಸ್ ದೊಡ್ಡದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಎರಡರಲ್ಲೂ ಸಾಲಾಗಿ ಇರೋದು ಐದೈದು ಸೆಲ್ಲು, ಒಂದು ಸೆಲ್ಲಿಗೆ 3.6 ಅಂತ ಲೆಕ್ಕ ಹಾಕಿದ್ರೆ 18, ಫುಲ್ ಚಾರ್ಜ್ ಆದಾಗಿನ 4 ಹಿಡಿದ್ರೆ 20. ಅಮೆರಿಕದಲ್ಲಿರೋ ನೆಂಟರ ಕೈಯಲ್ಲಿ ತರಿಸ್ಕೊಳೋರು ಚಾರ್ಜರ್ 120 ವೋಲ್ಟಿಂದು ಅನ್ನೋದು ಮರೀಬೇಡಿ.

ಎಲ್ಲಿ ತಗೊಂಡೆ ಅಂದ್ರೆ, ದೊಡ್ಡದೆಲ್ಲ ಚಿಕ್ಕಮಗಳೂರು ಪೇಟೆ ಅಂಗಡೀಲೇ ಆರ್ಡರ್ ಕೊಟ್ಟು ತರಿಸ್ಕೊಂಡೆ. ಬೆಂಗಳೂರು ಎಸ್‌ಪಿ ರೋಡಲ್ಲಿ ಚೌಕಾಸಿ ಮಾಡಿದ್ರೆ ಕಮ್ಮಿಗೆ ಸಿಗುತ್ತೆ, ನಿಜ, ಆದ್ರೆ ಬಿಲ್ ಇಲ್ದೆ ತಂದ್ರೆ ವಾರಂಟಿ ಇಲ್ಲ, ಕಾರ್ಬನ್ ಬ್ರಶ್ಶು, ಬೆಲ್ಟಿಗೆ ಮತ್ತೆ ಅಲ್ಲಿಗೇ ಓಡ್ಬೇಕು. ಸ್ಯಾಂಡರ್ ಒಂದನ್ನ ಆನ್‌ಲೈನಲ್ಲಿ ತರಿಸಿದ್ದೆ, ಡಬ್ಬಿ ಟೇಪು ಎರಡು ಪದರ, ಬಿಚ್ಚಿ ನೋಡಿದ್ರೆ ಪ್ಯಾಡಿನ ತೂತುಗಳಲ್ಲಿ ಯಾರದ್ದೋ ಮನೆ ಗೋಡೆಯ ಪುಟ್ಟಿ ಪುಡಿ ಕೂತಿದೆ! ವಾಪಸ್ ತಗೊಂಡ್ರು, ಅದಕ್ಕೆ ಫೋಟೋ, ಫೋನು, ಮತ್ತೆ ಫೋಟೋ, ಕೊರಿಯರ್‌ನವನು ಆಲ್ದೂರಿಂದ ಮೇಲೆ ಬರಲ್ಲ ಅಂದ.

ಪುಡಿಗೆ ಇನ್ನೂ ದಾರಿ ಪೂರ್ತಿ ಆಗಿಲ್ಲ. ಪ್ಲೇನರ್ ಒಂದು ಸಿಲ್ವರ್ ಹಲಗೆಗೆ ಒಂದು ಗೋಣಿ ತುಂಬ ಸಿಪ್ಪೆ ಉಗುಳುತ್ತೆ, ಅದು ಕೊಟ್ಟಿಗೆಗೆ ಹಾಸೋಕೆ ಹೋಗುತ್ತೆ, ಪರವಾಗಿಲ್ಲ. ತೊಂದರೆ ಕೊಡೋದು ಸ್ಯಾಂಡರ್‌ನ ನುಣುಪು ಧೂಳು, ಕಣ್ಣಿಗೆ ಕಾಣಲ್ಲ. ಮರದ ಧೂಳು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಲ್ಲೇ ಮೊದಲ ಗುಂಪಿಗೆ, ಅಂದ್ರೆ ಖಚಿತ ಅನ್ನೋ ಪಟ್ಟಿಗೆ, ಸೇರಿಸಿದೆ, ನಮ್ಮ ಕಡೆ ಬಡಗಿಗಳು ಟವಲ್ ಕಟ್ಕೊಂಡು ಕೆಲಸ ಮಾಡ್ತಾರೆ. ನಾನು ಒಂದು ವೆಟ್ ಡ್ರೈ ವ್ಯಾಕ್ಯೂಮ್ ಸ್ಯಾಂಡರ್‌ಗೆ ಜೋಡ್ಸಿದೀನಿ, ಮಾಸ್ಕ್ ಎನ್95, ಬಾಗಿಲು ಹಾರು ಹೊಡೆದಿರುತ್ತೆ.

ಇನ್ನು ಜೂನಿಂದ ಸೆಪ್ಟೆಂಬರ್ ದೊಡ್ಡ ಕೆಲಸ ಬಂದ್. ಗಾಳೀಲಿ ತೇವ ಎಂಬತ್ತು ತೊಂಬತ್ತು ಪರ್ಸೆಂಟ್ ಇದ್ರೆ ಒಣಗಿದ ಮರನೂ ನೀರು ಎಳ್ಕೊಂಡು ಹದಿನಾರರಿಂದ ಇಪ್ಪತ್ತು ಪರ್ಸೆಂಟಿಗೆ ಬಂದು ನಿಲ್ಲುತ್ತೆ, ಆಗ ಜೋಡ್ಸಿದ ಡ್ರಾಯರ್ ಫೆಬ್ರವರೀಲಿ ಗಡಗಡ ಅನ್ನುತ್ತೆ. ಮರದ ತೇವ ಅಳೆಯೋ ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಅಂತ ಚಿಕ್ಕದು ಸಿಗುತ್ತೆ, ಇಷ್ಟೆಲ್ಲ ಮಷೀನಲ್ಲಿ ಕೊಟ್ಟ ದುಡ್ಡಿಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ಅದೇ. ಬ್ಲೇಡು, ಕಾಲೆಟ್ಟು, ಪ್ಲೇನರ್ ಟೇಬಲ್ಲು ಎಲ್ಲಕ್ಕೂ ಮೇ ಕೊನೇಲಿ ಮೇಣ ಹಚ್ಚಿ ಮುಚ್ಚಿಡ್ಬೇಕು.

ಮುಂದಿನದು ಟೇಬಲ್ ಸಾನ ಅಂತ ಅಂಗಡಿಯವರು ಆಗಲೇ ಕೇಳ್ತಿದಾರೆ. ಅದಕ್ಕಿಂತ ಮೊದಲು ಬ್ಯಾಂಡ್ ಸಾ ಬೇಕು, ಸಾಮಿಲ್ಲಿನವರು ಚಿಕ್ಕ ದಿಮ್ಮಿ ತಗೊಂಡು ಹೋದ್ರೆ ಮುಖ ತಿರುಗಿಸ್ತಾರೆ, ಹಲಸಿನ ಕೊಂಬೆ, ಕಾಫಿ ಬೊಡ್ಡೆ ಎಲ್ಲ ಮನೇಲೇ ಸೀಳ್ಕೋಬಹುದು. ಮೆಣಸು ಮಾರಿದ ಮೇಲೆ ನೋಡೋಣ ಅಂದಿದೀನಿ, ಮನೆಯವರು ಮೊದಲು ಟಾರ್ಪಾಲ್ ತೆಗೆದು ಗೋಡೆ ಕಟ್ಸಿ ಅಂತಿದಾರೆ.